ಮಲ್ಪೆಯ ಉಪ್ಪುಗಾಳಿಯಲ್ಲಿ ರೋಡ್ ಬೈಕಿಗೆ ಬಿಬಿ ಕೂರಿಸುವುದು

ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ನನ್ನ ಸೈಕಲ್ ಮಾತಾಡಲು ಶುರು ಮಾಡುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ಇರುವುದು, ಏರು ಬಂತೋ ಬಲಗಾಲು ಒತ್ತಿದಾಗಲೆಲ್ಲ ‘ಟಕ್’. ಎಡಗಾಲಿಗೆ ಅದರ ಅರ್ಧ. ಟೈಗರ್ ಸರ್ಕಲ್ ಮುಟ್ಟುವಾಗ ಕಾಲಿಗಿಂತ ತಲೆಯೇ ಹೆಚ್ಚು ದಣಿದಿರುತ್ತಿತ್ತು.

ನಾನು ಮಲ್ಪೆ ಬಂದರಿನ ಹತ್ತಿರ ಬೋಟಿನ ವಿಂಚ್, ಗೇರ್‌ಬಾಕ್ಸ್ ರಿಪೇರಿ ಮಾಡುವವನು. ಇಪ್ಪತ್ತು ವರ್ಷದಿಂದ ಸ್ಪ್ಯಾನರ್ ಕೈಯಲ್ಲೇ ಉಂಟು. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲೆ ಎಂಬ ಜಂಬವೂ ಉಂಟು. ಆ ಜಂಬದಿಂದಲೇ ಒಂದು ಭಾನುವಾರ ಇಡೀ ಹಾಳಾಯಿತು, ಗೆಣ್ಣಿನ ಚರ್ಮವೂ ಹೋಯಿತು. ಸೈಕಲ್ಲಿನ ಬಲಗಡೆಯ ಕಪ್ (ಕ್ರ್ಯಾಂಕಿನ ಬೇರಿಂಗ್ ಇರುವ, ಫ್ರೇಮಿಗೆ ತಿರುಗಿಸಿ ಕೂರಿಸುವ ಬಟ್ಟಲು) ಉಲ್ಟಾ ಥ್ರೆಡ್ ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಆದರೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದ್ದೆ. ಎಡ ಯಾವುದು, ಬಲ ಯಾವುದು, ಉಲ್ಟಾದ ಉಲ್ಟಾ ಯಾವ ಕಡೆ ಎಂದು ಲೆಕ್ಕ ಹಾಕುವಷ್ಟರಲ್ಲಿ ನಾಲ್ಕಡಿ ಪೈಪ್ ಹಾಕಿ ಬಿಚ್ಚುವ ಬದಲು ಬಿಗಿದುಬಿಟ್ಟಿದ್ದೆ.

ಆ ದಿನ ಕಲಿತದ್ದನ್ನೂ, ಆಮೇಲೆ ಪರಿಚಯದವರ ಏಳೆಂಟು ಸೈಕಲ್ ಬಿಚ್ಚಿ ಕಲಿತದ್ದನ್ನೂ ಇಲ್ಲಿ ಬರೆಯುತ್ತೇನೆ. ಬಿಬಿ ಎಂದರೆ ಬಾಟಮ್ ಬ್ರಾಕೆಟ್: ಫ್ರೇಮಿನ ತಳದಲ್ಲಿ ಅಡ್ಡಕ್ಕೆ ಇರುವ ದಪ್ಪ ಕೊಳವೆಯೊಳಗೆ ಕೂರುವ ಬೇರಿಂಗ್ ಜೋಡಿ. ಕ್ರ್ಯಾಂಕಿನ, ಅಂದರೆ ಪೆಡಲ್ ಹೊತ್ತ ತೋಳಿನ, ಅಚ್ಚು ತಿರುಗುವುದು ಅದರ ಮೇಲೆ. ಆ ಕೊಳವೆಗೆ ಶೆಲ್ ಎನ್ನುತ್ತಾರೆ.

ಸದ್ದು ಬಂದ ಕೂಡಲೇ ಬಿಬಿಯ ಮೇಲೆ ಕೈ ಹಾಕಬೇಡಿ. ನಮ್ಮಲ್ಲಿ ಎಲ್ಲ ಸದ್ದಿಗೂ ಬಿಬಿಯನ್ನೇ ದೂರುವ ಅಭ್ಯಾಸ ಉಂಟು. ಸೈಕಲ್ಲಿನ ಕೊಳವೆಗಳು ಟೊಳ್ಳು. ಸೀಟಿನ ಹತ್ತಿರ ಹುಟ್ಟಿದ ಕಿರಿಕಿರಿ ಕಾಲಿನ ಬುಡದಲ್ಲಿ ಕೇಳುತ್ತದೆ. ಮೊದಲು ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಅದು ಸೀಟ್ ಅಥವಾ ಅದನ್ನು ಹೊತ್ತ ಕೊಳವೆ, ಸೀಟ್ ಪೋಸ್ಟ್. ಎರಡೂ ಪೆಡಲ್ ಬಿಚ್ಚಿ, ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಹಾಕಿ. ಚೈನ್‌ರಿಂಗ್ (ಚೈನ್ ಕೂರುವ ಮುಂದಿನ ಹಲ್ಲುಚಕ್ರ) ಬೋಲ್ಟ್‌ಗಳನ್ನು ನೋಡಿ. ಹಿಂದಿನ ಚಕ್ರವನ್ನು ಹಿಡಿದಿಡುವ ಲಿವರ್, ಕ್ವಿಕ್ ರಿಲೀಸ್, ಬಿಗಿ ಮಾಡಿ. ಇಷ್ಟಾದ ಮೇಲೂ ‘ಟಕ್’ ಹೋಗದಿದ್ದರೆ ಚೈನನ್ನು ರಿಂಗಿನಿಂದ ಇಳಿಸಿ, ಸೀಟಿನ ಕೆಳಗಿನ ಕೊಳವೆಗೆ ಕಿವಿ ಇಟ್ಟು ಕ್ರ್ಯಾಂಕನ್ನು ಕೈಯಲ್ಲಿ ಮೆಲ್ಲ ತಿರುಗಿಸಿ. ನನ್ನದರಲ್ಲಿ ರವೆ ಹುರಿದ ಹಾಗೆ ಕೇಳಿತು. ಆಮೇಲೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿದೆ. ಕೂದಲೆಳೆಯಷ್ಟು ಆಟ ಇತ್ತು. ಕಥೆ ಮುಗಿದಿತ್ತು.

ಇನ್ನು ಯಾವ ಬಿಬಿ ತರಬೇಕು? ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಎರಡು ವಿಷಯ ಹೊಂದಬೇಕು: ಹೊರಗೆ ಫ್ರೇಮಿನ ಶೆಲ್, ಒಳಗೆ ಕ್ರ್ಯಾಂಕಿನ ಅಚ್ಚು. ಶೆಲ್ಲಿನ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ರೋಡ್ ಬೈಕಿನಲ್ಲಿ 68 ಮಿಲಿಮೀಟರ್ ಇದ್ದು, ಒಳಗೆ ಥ್ರೆಡ್ ಇದ್ದರೆ ಅದು ಬಹುತೇಕ ಬಿಎಸ್‌ಎ ಥ್ರೆಡ್: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಬಿಎಸ್‌ಎ ಎಂದ ಕೂಡಲೇ ನಮ್ಮ ಪ್ರಾಯದವರಿಗೆ ಶಾಲೆಗೆ ಹೋಗುತ್ತಿದ್ದ ಬಿಎಸ್‌ಎ ಎಸ್‌ಎಲ್‌ಆರ್ ನೆನಪಾಗುತ್ತದೆ. ಹೆಸರಿನ ಮೂಲ ಒಂದೇ, ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬ ಇಂಗ್ಲೆಂಡಿನ ಕಂಪನಿ. ಬಂದೂಕು ಮಾಡುತ್ತಿದ್ದವರು ಇಟ್ಟ ಅಳತೆ ಇವತ್ತಿಗೂ ನಮ್ಮ ಕಾಲಡಿಯಲ್ಲಿ ತಿರುಗುತ್ತಾ ಉಂಟು.

ಅಗಲ 70 ಬಂದರೆ ಜಾಗ್ರತೆ, ಅದು ಇಟಾಲಿಯನ್ ಥ್ರೆಡ್ ಇರಬಹುದು. ಅದರಲ್ಲಿ ಎರಡೂ ಕಡೆ ಸಾಮಾನ್ಯ ಬಲ ಥ್ರೆಡ್. ಶೆಲ್ಲಿನಲ್ಲಿ ಥ್ರೆಡ್ಡೇ ಇಲ್ಲದೆ ನುಣ್ಣಗಿದ್ದರೆ ಅದು ಪ್ರೆಸ್ ಫಿಟ್. ಅದನ್ನು ಒತ್ತಿ ಕೂರಿಸುವ ಪ್ರೆಸ್ ಬೇಕು, ಸುತ್ತಿಗೆ ತೆಗೆದುಕೊಂಡು ಹೊರಡಬೇಡಿ. ಈ ಬರಹ ಥ್ರೆಡ್ ಇರುವುದಕ್ಕೆ ಮಾತ್ರ.

ಕ್ರ್ಯಾಂಕ್ ಜಪಾನಿನ ಶಿಮಾನೊ ಕಂಪನಿಯ ಹಾಲೋಟೆಕ್ 2 ಮಾದರಿ ಆದರೆ ಅಚ್ಚು 24 ಮಿಲಿಮೀಟರ್. ಅವರ ರೋಡ್ ಬೈಕ್ ಸೆಟ್ಟುಗಳಾದ ಈಗಿನ ಕ್ಲಾರಿಸ್, ಸೋರಾ, ಟಿಯಾಗ್ರಾ, 105 ಎಲ್ಲ ಈ ಜಾತಿಯವೇ. ಸ್ರ್ಯಾಮ್ ಎಂಬ ಇನ್ನೊಂದು ಕಂಪನಿಯದು ಬೇರೆ ಲೆಕ್ಕ: ಅವರ ಜಿಎಕ್ಸ್‌ಪಿ ಮಾದರಿ ಆದರೆ ಒಂದು ಕಡೆ 24, ಇನ್ನೊಂದು ಕಡೆ 22, ಡಬ್ ಆದರೆ 28.99. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಇನ್ನೊಂದು ಚಿಕ್ಕ ಮೋಸ ಉಂಟು. ಶಿಮಾನೊದಲ್ಲೇ ಕಪ್ಪಿನ ಹೊರಗಿನ ಗಾತ್ರ ಒಂದೇ ಅಲ್ಲ. ಹಳೆ ಮಾದರಿಯವೂ ಕಡಿಮೆ ಬೆಲೆಯವೂ ದೊಡ್ಡ ಕಪ್, ಹದಿನಾರು ಹಲ್ಲು. ಮೇಲಿನ ದರ್ಜೆಯ ಹೊಸವು ಸಣ್ಣ ಕಪ್, ಅದಕ್ಕೆ ಬೇರೆ ಟೂಲ್. ಬಿಬಿ ತರುವಾಗಲೇ ಅದಕ್ಕೆ ಕೂರುವ ಟೂಲ್ ಕೇಳಿ ತನ್ನಿ. ನಾನು ಎರಡನೇ ಸಲ ಬಿಬಿ ತಂದಾಗ ಟೂಲ್ ಕೂರದೆ, ಸೈಕಲ್ ಒಂದು ವಾರ ಹೊಟ್ಟೆ ಬಿಚ್ಚಿಕೊಂಡು ಗೋಡೆಗೆ ಒರಗಿತ್ತು.

ಬೇಕಾದ ಸಾಮಾನು ಹೆಚ್ಚೇನಿಲ್ಲ. 5 ಎಂಎಂ ಅಲೆನ್ ಕೀ, ಎಡ ಕ್ರ್ಯಾಂಕಿನ ಮುಚ್ಚಳ ತಿರುಗಿಸುವ ಪುಟ್ಟ ಪ್ಲಾಸ್ಟಿಕ್ ಟೂಲ್, ಕಪ್ಪಿನ ಸ್ಪ್ಯಾನರ್, ರಬ್ಬರ್ ಸುತ್ತಿಗೆ, ಹಳೆ ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್, ಬಟ್ಟೆಚೂರು, ಗ್ರೀಸ್. ಎಷ್ಟು ಬಿಗಿದಿದ್ದೇವೆ ಎಂದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇಲ್ಲದವರಿಗೆ ಮೀನು ತೂಗುವ ತಕ್ಕಡಿಯ ಉಪಾಯ ಒಂದುಂಟು, ಮುಂದೆ ಹೇಳುತ್ತೇನೆ.

ಕ್ರ್ಯಾಂಕ್ ತೆಗೆಯುವುದು ಸುಲಭ. ಸೈಕಲ್ಲನ್ನು ಸರಿಯಾಗಿ, ಚಕ್ರ ಕೆಳಗೆ ಇರುವಂತೆ ನಿಲ್ಲಿಸಿ. ತಲೆಕೆಳಗೆ ಬೇಡ, ನನ್ನ ಕಥೆ ಕೇಳಿದ್ದೀರಲ್ಲ. ಎಡ ಕ್ರ್ಯಾಂಕಿನ ಎರಡು ಬೋಲ್ಟ್ ಸಡಿಲಿಸಿ, ಎರಡರ ನಡುವಿನ ಸೀಳಿನಲ್ಲಿ ಇರುವ ತೆಳು ಪಟ್ಟಿಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಎತ್ತಿ, ಪ್ಲಾಸ್ಟಿಕ್ ಟೂಲಿನಿಂದ ಮುಚ್ಚಳ ತೆಗೆಯಿರಿ. ಎಡ ಕ್ರ್ಯಾಂಕ್ ಕೈಗೆ ಬರುತ್ತದೆ. ಚೈನನ್ನು ರಿಂಗಿನಿಂದ ಇಳಿಸಿ ಶೆಲ್ಲಿನ ಮೇಲೆ ಜೋತುಬಿಡಿ. ಅಚ್ಚಿನ ಎಡತುದಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಬಲ ಕ್ರ್ಯಾಂಕ್ ಅಚ್ಚಿನ ಸಮೇತ ಆ ಕಡೆಯಿಂದ ಹೊರಗೆ ಬರುತ್ತದೆ. ಬೀಳದ ಹಾಗೆ ಒಂದು ಕೈ ಇಟ್ಟಿರಿ.

ಕಪ್ ತೆಗೆಯುವುದು ಮಾತ್ರ ನಮ್ಮ ಕರಾವಳಿಯಲ್ಲಿ ಬೇರೆಯೇ ಕಥೆ.

ನನ್ನ ಫ್ರೇಮ್ ಕ್ರೋಮೋಲಿ ಸ್ಟೀಲ್, ಸೆಕೆಂಡ್ ಹ್ಯಾಂಡ್ ತಂದದ್ದು. ಅದಕ್ಕೆ ಹಾಕಿದ್ದ ಬಿಬಿಯ ಕಪ್ ಅಲ್ಯೂಮಿನಿಯಂ. ಯಾವುದೋ ಅಂಗಡಿಯವರು ಒಂದು ಚೂರು ಗ್ರೀಸ್ ಕಾಣಿಸದೆ ಒಣ ಒಣವಾಗಿ ಬಿಗಿದುಕೊಟ್ಟಿದ್ದರು. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದು ಬ್ಯಾಟರಿ ಸೆಲ್ಲಿನ ಹಾಗೆ ಕೆಲಸ ಮಾಡುತ್ತದೆ. ಎರಡರಲ್ಲಿ ಬಡಪಾಯಿ ಲೋಹ ಕರಗುತ್ತದೆ. ಬೋಟಿನವರಿಗೆ ಇದು ಹೊಸತಲ್ಲ. ಪ್ರೊಪೆಲ್ಲರ್ ಹತ್ತಿರ ಸತುವಿನ ತುಂಡು ಕಟ್ಟುವುದು ಅದಕ್ಕೇ: ಸತು ತಾನು ಸವೆದು ಉಳಿದದ್ದನ್ನು ಕಾಯುತ್ತದೆ. ಸೈಕಲ್ಲಿನಲ್ಲಿ ಸತು ಇಲ್ಲ, ಸವೆಯುವುದು ಅಲ್ಯೂಮಿನಿಯಂ ಕಪ್. ಸವೆದ ಬಿಳಿ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಸಿಮೆಂಟಿನಂತೆ ಹಿಡಿಯುತ್ತದೆ. ಪಡುಕೆರೆಯಿಂದ ಮಟ್ಟು ಕಡೆಗೆ, ಒಂದು ಬದಿ ಕಡಲು ಇನ್ನೊಂದು ಬದಿ ಹೊಳೆ ಇರುವ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಸವಾರಿ ಮಾಡುವವನ ಬಿಬಿ ಹೇಗಿರಬೇಡ!

ಅದಕ್ಕೆ ಹಿಂದಿನ ರಾತ್ರಿಯೇ ಎರಡೂ ಕಪ್ಪಿನ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸೈಕಲ್ಲನ್ನು ಒಂದು ಬದಿಗೆ ಮಲಗಿಸಿ. ಮಲಗುವ ಮೊದಲು ಮಗುಚಿ ಇನ್ನೊಂದು ಬದಿಗೂ ಬಿಡಿ. ಬೆಳಿಗ್ಗೆ ಶೆಲ್ಲಿನ ಮೇಲೆ ಕುದಿನೀರು ಹೊಯ್ದರೂ ಸ್ವಲ್ಪ ಬಿಡುತ್ತದೆ. ಕಾರ್ಬನ್ ಫ್ರೇಮ್ ಆದರೆ ಬಿಸಿಯ ಸಹವಾಸ ಬೇಡ.

ಈಗ ದಿಕ್ಕು. ಬಿಎಸ್‌ಎ ಬಿಬಿಯಲ್ಲಿ ಚೈನ್ ಇರುವ ಬಲಗಡೆಯ ಕಪ್ ಎಡ ಥ್ರೆಡ್. ಅಂದರೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದ್ದು ಎಲ್ಲ ಬೋಲ್ಟಿನ ಹಾಗೆ. ಇದನ್ನು ಬಾಯಿಪಾಠ ಮಾಡಿ ನಾನು ಕೆಟ್ಟೆ. ಈಗ ನಾನು ಗಡಿಯಾರ ನೆನೆಯುವುದೇ ಇಲ್ಲ. ಸೈಕಲ್ ಚಕ್ರದ ಮೇಲೆ ನಿಂತಿರಲಿ, ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ. ಹಿಡಿಯನ್ನು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಚ್ಚುತ್ತದೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಗಿಯುತ್ತದೆ. ಎಡಕ್ಕೂ ಅದೇ, ಬಲಕ್ಕೂ ಅದೇ. ಪೆಡಲಿಗೆ ಇದರ ಉಲ್ಟಾ: ಹಿಡಿ ಹಿಂದಕ್ಕೆ ಹೋದರೆ ಬಿಚ್ಚುವುದು. ಚಾಕ್ ತೆಗೆದುಕೊಂಡು ಫ್ರೇಮಿನ ಮೇಲೆ ಬಾಣದ ಗುರುತು ಹಾಕಿಕೊಂಡರೂ ಅವಮಾನವೇನಿಲ್ಲ.

ಬಲಗಡೆ ಯಾಕೆ ಉಲ್ಟಾ ಎಂದು ಕೇಳುವವರು ಒಂದು ಪೆನ್ಸಿಲ್ ತನ್ನಿ. ಎಡಗೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ, ಅದರೊಳಗೆ ಪೆನ್ಸಿಲನ್ನು ಸಡಿಲವಾಗಿ ನಿಲ್ಲಿಸಿ, ಉಂಗುರದ ಒಳಗೋಡೆಗೆ ಒರಗಿಸಿಕೊಂಡು ಸುತ್ತ ಓಡಿಸಿ. ಪೆನ್ಸಿಲ್ ಬಲಕ್ಕೆ ಸುತ್ತಿದರೆ ತನ್ನಷ್ಟಕ್ಕೆ ಎಡಕ್ಕೆ ಉರುಳುತ್ತದೆ. ಶೆಲ್ಲಿನೊಳಗೆ ಕೂದಲೆಳೆ ಸಡಿಲ ಇರುವ ಕಪ್ ಕೂಡ ಹೀಗೇ, ಕಾಲು ತುಳಿಯುವ ದಿಕ್ಕಿಗೆ ವಿರುದ್ಧವಾಗಿ ಸ್ವಲ್ಪ ಸ್ವಲ್ಪ ಉರುಳಲು ನೋಡುತ್ತದೆ. ಬಲಗಡೆ ಸಾಮಾನ್ಯ ಥ್ರೆಡ್ ಇದ್ದರೆ ಅದು ಬಿಚ್ಚಿಕೊಳ್ಳುವ ದಿಕ್ಕು. ಎಡ ಥ್ರೆಡ್ ಇಟ್ಟರೆ ಬಿಗಿಯುವ ದಿಕ್ಕು. ಇಟಾಲಿಯನ್ ಫ್ರೇಮಿನವರ ಬಲ ಕಪ್ ಆಗಾಗ ಸಡಿಲವಾಗುವ ಗುಟ್ಟೂ ಇದೇ.

ಹಿಡಿದ ಕಪ್ಪಿನಲ್ಲಿ ದೊಡ್ಡ ತೊಂದರೆ ಎಂದರೆ ಟೂಲ್ ಜಾರುವುದು. ಕಪ್ಪಿನ ಹಲ್ಲುಗಳು ತೆಳು, ಸ್ಪ್ಯಾನರ್ ಸ್ವಲ್ಪ ಓರೆಯಾದರೆ ಹಲ್ಲು ಬೋಳಾಗುತ್ತದೆ. ನನ್ನ ಗೆಣ್ಣು ಹಿಂದಿನ ಚಕ್ರದ ಕಡೆ ಹೋಗುವ ಕೊಳವೆಗೆ, ಚೈನ್‌ಸ್ಟೇಗೆ, ಬಡಿದು ಚರ್ಮ ಕಿತ್ತುಹೋದದ್ದು ಹೀಗೆ. ಆಮೇಲೆ ವರ್ಕ್‌ಶಾಪಿನಿಂದ ಒಂದು ಉದ್ದದ 10 ಎಂಎಂ ಥ್ರೆಡ್ ರಾಡ್ ತಂದೆ. ಶೆಲ್ಲಿನ ಈ ತುದಿಯಿಂದ ಆ ತುದಿಗೆ ತೂರಿಸಿ, ಎರಡೂ ಕಡೆ ದೊಡ್ಡ ವಾಷರ್, ನಟ್ ಹಾಕಿ, ಟೂಲ್ ಕಪ್ಪಿಗೆ ಅಂಟಿಕೊಂಡು ಕೂರುವ ಹಾಗೆ ಬಿಗಿದೆ. ಈಗ ಟೂಲ್ ಎಲ್ಲಿಗೂ ಜಾರುವ ಹಾಗಿಲ್ಲ. ಪೈಪ್ ಹಾಕಿ, ಹಿಡಿ ಮುಂದಕ್ಕೆ. ‘ಕಡಕ್’ ಎಂದು ತೆಂಗಿನಕಾಯಿ ಒಡೆದ ಸದ್ದು ಬಂತು, ಕಪ್ ಬಿಟ್ಟಿತು. ಬಿಟ್ಟ ಕೂಡಲೇ ನಟ್ ಸಡಿಲಿಸಬೇಕು, ಇಲ್ಲದಿದ್ದರೆ ಹೊರಗೆ ಬರಲು ಹೊರಟ ಕಪ್ಪನ್ನು ನೀವೇ ತಡೆದು ಥ್ರೆಡ್ ಹಾಳು ಮಾಡುತ್ತೀರಿ.

ಬಲಗಡೆಯ ಕಪ್ ಬಂದಾಗ ಒಳಗಿನಿಂದ ಅರ್ಧ ಲೋಟದಷ್ಟು ಕಂದು ನೀರು ನೆಲಕ್ಕೆ ಬಿತ್ತು. ಮಳೆ ಬಿಟ್ಟು ತಿಂಗಳಾಗಿತ್ತು! ಸೀಟ್ ಪೋಸ್ಟಿನ ಸಂದಿಯಿಂದ ಇಳಿದ ನೀರು ಅದು. ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಬಿಬಿ ಎಂದರೆ ಫ್ರೇಮಿನ ಬಾವಿ. ಶೆಲ್ಲಿನ ತಳದಲ್ಲಿ ನೀರಿಳಿಯಲು ತೂತು ಉಂಟೋ ನೋಡಿ. ಇದ್ದರೆ ಅದರೊಳಗಿನ ಕೆಸರು ಕಡ್ಡಿಯಿಂದ ತೆಗೆಯಿರಿ. ಇಲ್ಲದಿದ್ದರೆ ದೊಡ್ಡ ಮಳೆಯಲ್ಲಿ ನೆನೆದ ದಿನ ಸೀಟ್ ಪೋಸ್ಟ್ ಎತ್ತಿ, ಸೈಕಲ್ಲನ್ನು ಬೋರಲು ಹಾಕಿ ನೀರು ಬಸಿಯಿರಿ.

ಈಗ ಕೆಲಸದ ಹೃದಯ ಭಾಗ: ಥ್ರೆಡ್ ತೊಳೆಯುವುದು. ಜನ ಇದಕ್ಕೆ ಐದು ನಿಮಿಷ ಕೊಡುತ್ತಾರೆ, ನಾನು ಒಂದು ಗಂಟೆ ಕೊಡುತ್ತೇನೆ. ಸೀಮೆಎಣ್ಣೆ ಹಚ್ಚಿ, ಬ್ರಷ್‌ನಿಂದ ಥ್ರೆಡ್ಡಿನ ಸುತ್ತು ಹೋದ ದಿಕ್ಕಿನಲ್ಲೇ ಉಜ್ಜಿ. ಒರೆಸಿ, ಟಾರ್ಚ್ ಹಾಕಿ ನೋಡಿ. ತುಕ್ಕು ಕಂದು, ಅಲ್ಯೂಮಿನಿಯಂ ಪುಡಿ ಬಿಳಿ, ಪೇಂಟ್ ಹೊಳಪು. ಮೂರೂ ಹೋಗಬೇಕು. ಮೊದಲ ಎರಡು ಸುತ್ತಿನಲ್ಲಿ ಪೇಂಟ್ ತುಂಬಿರುವುದು ಹೊಸ ಫ್ರೇಮಿನಲ್ಲೂ ಸಾಮಾನ್ಯ. ಸೂಜಿಯಿಂದ ಕೆರೆದು ತೆಗೆಯಿರಿ. ಶೆಲ್ಲಿನ ಹೊರ ಅಂಚಿನ ಮೇಲೆ ಪೇಂಟಿನ ಗುಳ್ಳೆ ಇದ್ದರೆ ಕೆರೆಯಿರಿ, ಆದರೆ ಅರ ಹಾಕಿ ಲೋಹ ಉಜ್ಜಬೇಡಿ. ಆ ಅಂಚು ಓರೆಯಾದರೆ ಎರಡೂ ಬೇರಿಂಗ್ ಒಂದೇ ಗೆರೆಯಲ್ಲಿ ಕೂರುವುದಿಲ್ಲ, ಹೊಸ ಬಿಬಿ ಆರು ತಿಂಗಳಿಗೆ ರವೆ ಹುರಿಯಲು ಶುರು ಮಾಡುತ್ತದೆ.

ಥ್ರೆಡ್ ತುಂಬ ಕೆಟ್ಟಿದ್ದರೆ ಟ್ಯಾಪ್ (ಥ್ರೆಡ್ ಕೊರೆಯುವ ಟೂಲ್) ಹಾಕಿಸಬೇಕು, ಅದು ದುಬಾರಿ ಟೂಲ್. ಸ್ವಲ್ಪ ಮಾತ್ರ ಕೆಟ್ಟಿದ್ದರೆ ಬಡವರ ಟ್ಯಾಪ್ ಒಂದುಂಟು. ಹಳೆ ಸ್ಟೀಲ್ ಕಪ್ ಹುಡುಕಿ, ಅದರ ಥ್ರೆಡ್ಡಿಗೆ ಅಡ್ಡಲಾಗಿ ಹ್ಯಾಕ್ಸಾದಿಂದ ಮೂರು ಕಡೆ ಸೀಳು ಹಾಕಿ, ಎಣ್ಣೆ ಬಿಟ್ಟು ಶೆಲ್ಲಿಗೆ ಕೈಯಲ್ಲಿ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕಸವೆಲ್ಲ ಸೀಳಿನಲ್ಲಿ ತುಂಬಿಕೊಂಡು ಬರುತ್ತದೆ. ಬಲಕ್ಕೆ ಬಲದ ಕಪ್, ಎಡಕ್ಕೆ ಎಡದ ಕಪ್, ಅದಲು ಬದಲು ಆದರೆ ಇದ್ದ ಥ್ರೆಡ್ಡೂ ಹೋದೀತು. ನನ್ನ ಮೇಜಿನ ಖಾನೆಯಲ್ಲಿ ಅಂಥ ಒಂದು ಜೋಡಿ ಉಂಟು, ಒಂದು ಹಳೆ ಸೈಕಲ್ಲಿನ ಕಪ್ಪಿನಿಂದ ಮಾಡಿದ್ದು. ಒಂದೊಂದು ಕಪ್ಪಿಗೆ ಕಾಲಿಂಚಿನ ಹನ್ನೊಂದು ಗುಂಡು ಹಾಕಿ, ಕ್ರ್ಯಾಂಕನ್ನು ಅಚ್ಚಿಗೆ ಹಿಡಿಸುವ ಕಾಟರ್ ಪಿನ್ ಬಡಿದು ಓಡಿಸುತ್ತಿದ್ದ ಕಾಲದ್ದು.

ಥ್ರೆಡ್ಡಿಗೆ ಗ್ರೀಸ್ ಹಚ್ಚುವಾಗ ಜಿಪುಣತನ ಬೇಡ. ನಾನು ಬೋಟಿಗೆ ಹಾಕುವ, ನೀರಿಗೆ ಕರಗದ ಗ್ರೀಸನ್ನೇ ಹಾಕುತ್ತೇನೆ. ಶೆಲ್ಲಿಗೂ ಕಪ್ಪಿಗೂ, ಸುತ್ತುಗಳು ಮುಚ್ಚಿಹೋಗುವಷ್ಟು. ಹೆಚ್ಚಾದದ್ದು ತಾನೇ ಹೊರಗೆ ಬರುತ್ತದೆ, ಒರೆಸಿದರಾಯಿತು. ಇಲ್ಲಿ ಗ್ರೀಸಿನ ಕೆಲಸ ಜಾರಿಸುವುದಕ್ಕಿಂತ ಉಪ್ಪುನೀರನ್ನು ಹೊರಗಿಡುವುದು.

ಕಪ್ ಹಾಕುವ ಮೊದಲು ಇನ್ನೊಂದು ನೋಡಬೇಕು. ಶೆಲ್ಲಿನ ಅಡಿಯಲ್ಲಿ ಗೇರ್ ಕೇಬಲ್ ಹಾಯುವ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಹಿಡಿದ ಸ್ಕ್ರೂ ಉದ್ದವಾದರೆ ತುದಿ ಶೆಲ್ಲಿನೊಳಗೆ ಇಣುಕಿ, ಎರಡು ಕಪ್ಪಿನ ನಡುವಿನ ಪ್ಲಾಸ್ಟಿಕ್ ಕೊಳವೆಗೆ ತಾಗುತ್ತದೆ. ನನ್ನ ಭಾವನ ಸೈಕಲ್ಲಿನಲ್ಲಿ ಇದೇ ಸ್ಕ್ರೂ ಕೊಳವೆಗೆ ತೂತು ಮಾಡಿತ್ತು.

ಬಲ ಕಪ್ ಮೊದಲು, ಪ್ಲಾಸ್ಟಿಕ್ ಕೊಳವೆ ಅದಕ್ಕೇ ಸಿಕ್ಕಿಸಿರಲಿ. ಕಪ್ಪಿನ ಮೇಲೆ ಆರ್ ಎಂದೂ ಎಲ್ ಎಂದೂ ಬರೆದಿರುತ್ತದೆ, ಒಮ್ಮೆ ಜೋರಾಗಿ ಓದಿ. 68ರ ಶೆಲ್ಲಿಗೆ ರೋಡ್ ಕ್ರ್ಯಾಂಕ್ ಹಾಕುವಾಗ ಸ್ಪೇಸರ್ (ಕಪ್ಪಿಗೂ ಶೆಲ್ಲಿಗೂ ನಡುವೆ ಹಾಕುವ ಉಂಗುರ) ಬೇಡ. ಪೆಟ್ಟಿಗೆಯಲ್ಲಿ ಬಂದಿದ್ದರೆ ಅದು ಎಂಟಿಬಿ, ಅಂದರೆ ಮೌಂಟನ್ ಬೈಕಿನವರಿಗೆ. ಕಪ್ಪನ್ನು ಶೆಲ್ಲಿನ ಬಾಯಿಗೆ ನೇರ ಹಿಡಿದು ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲ ತಿರುಗಿಸಿ. ಒಂದು ಜಾಗದಲ್ಲಿ ‘ಟುಕ್’ ಎಂದು ಒಳಕ್ಕೆ ಬಿದ್ದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್ಡಿನ ತುದಿ ತುದಿಗೆ ಸಿಕ್ಕಿದ್ದು ಅದು. ಅಲ್ಲಿಂದ ಬಿಗಿಯುವ ದಿಕ್ಕಿಗೆ ಹೋಗಿ. ಕೈಯಲ್ಲೇ. ಟೂಲ್ ಇನ್ನೂ ಮೇಜಿನ ಮೇಲೆಯೇ ಇರಲಿ. ಥ್ರೆಡ್ ಚೊಕ್ಕ ಇದ್ದರೆ ಕಪ್ ಶೆಲ್ಲಿನ ಅಂಚು ಮುಟ್ಟುವವರೆಗೆ ಬೆರಳಲ್ಲೇ ಹೋಗುತ್ತದೆ. ಮೂರು ಸುತ್ತೂ ಹೋಗದೆ ನಿಂತಿತೋ, ನೀವೂ ನಿಲ್ಲಿ. ಓರೆ ಹತ್ತಿದೆ, ಇಲ್ಲವೇ ಕಸ ಉಳಿದಿದೆ. ಅಲ್ಲಿಗೆ ಸ್ಪ್ಯಾನರ್ ಹಾಕಿ ‘ಸ್ವಲ್ಪ ಒತ್ತಿದರೆ ಹೋಗುತ್ತೆ ಮಾರಾಯ್ರೆ’ ಎಂದವರ ಫ್ರೇಮನ್ನು ನಾನು ನೋಡಿದ್ದೇನೆ. ಹೋಗಿತ್ತು, ಥ್ರೆಡ್ಡನ್ನು ಕರೆದುಕೊಂಡೇ ಹೋಗಿತ್ತು.

ಎಡ ಕಪ್ಪೂ ಹಾಗೆಯೇ. ಎರಡೂ ಕೈಯಲ್ಲಿ ಕೂತ ಮೇಲೆ ಟೂಲ್. ಶಿಮಾನೊ ಹೇಳುವ ಬಿಗಿ 35ರಿಂದ 50 ನ್ಯೂಟನ್ ಮೀಟರ್.

ತಕ್ಕಡಿಯ ಉಪಾಯ ಈಗ. ಬಂದರಿನಲ್ಲಿ ಮೀನು ತೂಗುವ, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಎಲ್ಲರೂ ಕಂಡಿರುತ್ತೀರಿ. ಟೂಲಿನ ಹಿಡಿಯಲ್ಲಿ ಕಪ್ಪಿನ ನಡುವಿನಿಂದ 20 ಸೆಂಟಿಮೀಟರ್ ಅಳೆದು ಗುರುತು ಮಾಡಿ, ಅಲ್ಲಿಗೆ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. ಮುಳ್ಳು 20 ಕಿಲೋ ತೋರಿಸಿದಾಗ ನಿಮ್ಮ ಬಿಗಿ ಹತ್ತಿರ ಹತ್ತಿರ 39 ನ್ಯೂಟನ್ ಮೀಟರ್. ಹಿಡಿ 30 ಸೆಂಟಿಮೀಟರ್ ಇದ್ದರೆ ಹದಿಮೂರೂವರೆ ಕಿಲೋ ಸಾಕು. ನಾನು ಇದನ್ನು ಟಾರ್ಕ್ ರೆಂಚಿನ ಪಕ್ಕದಲ್ಲಿಟ್ಟು ನೋಡಿದ್ದೇನೆ, ಈ ಕೆಲಸಕ್ಕೆ ಸಾಕಾಗುವಷ್ಟು ಸರಿ ಉಂಟು. ತಕ್ಕಡಿ ಬಂಗುಡೆ ವಾಸನೆ ಬಂದರೆ ನನ್ನನ್ನು ಬೈಯಬೇಡಿ.

ಬಿಗಿದ ಮೇಲೆ ಕಪ್ಪಿನಿಂದ ಶೆಲ್ಲಿನ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಎರಡೂ ಕಡೆ. ಮುಂದೆ ಕಪ್ ಜರುಗಿದರೆ ಗೆರೆ ತಪ್ಪಿ ಗೊತ್ತಾಗುತ್ತದೆ.

ಕ್ರ್ಯಾಂಕ್ ಕೂರಿಸುವುದು ಇನ್ನು ಹತ್ತು ನಿಮಿಷದ ಕೆಲಸ. ಅಚ್ಚನ್ನು ಒರೆಸಿ, ಬೇರಿಂಗ್ ಕೂರುವ ಜಾಗಕ್ಕೂ ಎಡತುದಿಯ ಹಲ್ಲುಗಳಿಗೂ ತೆಳುವಾಗಿ ಗ್ರೀಸ್ ಸವರಿ. ಜೋತುಬಿಟ್ಟ ಚೈನಿನ ನಡುವಿನಿಂದ ಅಚ್ಚನ್ನು ಬಲದಿಂದ ತೂರಿಸಿ. ಚೈನ್ ಮರೆತು ಕ್ರ್ಯಾಂಕ್ ಹಾಕಿ ಮತ್ತೆ ಬಿಚ್ಚಿದವರ ಪೈಕಿ ನಾನೂ ಒಬ್ಬ. ಕೊನೆಯ ಸ್ವಲ್ಪಕ್ಕೆ ಅಂಗೈಯಿಂದ ಅಥವಾ ರಬ್ಬರ್ ಸುತ್ತಿಗೆಯಿಂದ ತಟ್ಟಬೇಕಾಗಬಹುದು. ಕಬ್ಬಿಣದ ಸುತ್ತಿಗೆ ಹತ್ತಿರ ಬರಬಾರದು.

ಎಡ ಕ್ರ್ಯಾಂಕ್ ಬಲದ್ದಕ್ಕೆ ಸರಿಯಾಗಿ ಎದುರು ದಿಕ್ಕಿಗೆ ನಿಲ್ಲಬೇಕು. ಅಚ್ಚಿನ ಹಲ್ಲುಗಳಲ್ಲಿ ಅಗಲವಾದ ಸಂದಿ ಇರುವ ಜಾಗ ನೋಡಿಕೊಂಡು ಹೊಂದಿಸಿ. ಆಮೇಲೆ ಪ್ಲಾಸ್ಟಿಕ್ ಮುಚ್ಚಳ. ಇಲ್ಲಿ ಕೈಬಲ ತೋರಿಸುವವರು ಕೆಡುತ್ತಾರೆ. ಮುಚ್ಚಳದ ಕೆಲಸ ಕ್ರ್ಯಾಂಕನ್ನು ಹಿಡಿದಿಡುವುದಲ್ಲ, ಎರಡೂ ಕ್ರ್ಯಾಂಕನ್ನು ಬೇರಿಂಗಿಗೆ ತಾಗುವಷ್ಟು ಹತ್ತಿರ ತರುವುದು ಮಾತ್ರ. ಬಿಗಿ 0.7ರಿಂದ 1.5 ನ್ಯೂಟನ್ ಮೀಟರ್, ಅಂದರೆ ಉಪ್ಪಿನಕಾಯಿ ಬಾಟಲಿ ಮುಚ್ಚುವುದಕ್ಕಿಂತಲೂ ಕಡಿಮೆ. ಪುಟ್ಟ ಟೂಲನ್ನು ಎರಡು ಬೆರಳಲ್ಲಿ ಹಿಡಿದು, ತಡೆ ಸಿಕ್ಕಿದಲ್ಲಿಗೆ ನಿಲ್ಲಿಸಿ. ಹೆಚ್ಚು ಬಿಗಿದರೆ ಬೇರಿಂಗ್ ಅಡ್ಡಕ್ಕೆ ಒತ್ತಡ ತಿಂದು ಬೇಗ ಸಾಯುತ್ತದೆ.

ಮುಚ್ಚಳ ಆದ ಮೇಲೆ ಆ ತೆಳು ಪಟ್ಟಿಯನ್ನು ಒಳಕ್ಕೆ ಒತ್ತಿ. ಅದರಲ್ಲೊಂದು ಮೊಳೆಯಂಥ ಚೂಪು ಉಂಟು, ಅದು ಅಚ್ಚಿನಲ್ಲಿರುವ ತೂತಿಗೆ ಬೀಳಬೇಕು. ಪಟ್ಟಿಗೆ ಹಿಂದು ಮುಂದು ಉಂಟು, ನೋಡಿ ಹಾಕಿ. ಒತ್ತಿದರೂ ಬೀಳದಿದ್ದರೆ ತಪ್ಪು ಪಟ್ಟಿಯದ್ದಲ್ಲ. ಕ್ರ್ಯಾಂಕ್ ಪೂರ್ತಿ ಒಳಗೆ ಹೋಗಿಲ್ಲ ಎಂದು ಅದು ಹೇಳುತ್ತಾ ಉಂಟು. ಮುಚ್ಚಳ ಸಡಿಲಿಸಿ, ಕ್ರ್ಯಾಂಕ್ ತಟ್ಟಿ, ಮತ್ತೆ ನೋಡಿ. ಮಣಿಪಾಲದ ಒಬ್ಬ ಹುಡುಗ ಪಟ್ಟಿ ಕೂರುವುದಿಲ್ಲವೆಂದು ಕಿತ್ತು ಬಿಸಾಡಿ ಓಡಿಸುತ್ತಿದ್ದ. ಬೋಲ್ಟ್ ಸಡಿಲವಾದ ದಿನ ಕ್ರ್ಯಾಂಕ್ ಕಾಲಿನ ಜೊತೆ ಹೊರಗೆ ಬರದ ಹಾಗೆ ತಡೆಯುವುದು ಆ ಪಟ್ಟಿಯೇ.

ಕೊನೆಗೆ ಎರಡು ಬೋಲ್ಟ್, 12ರಿಂದ 14 ನ್ಯೂಟನ್ ಮೀಟರ್. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ, ಮತ್ತೆ ಇದಕ್ಕೆ. ಎರಡನೆಯದನ್ನು ಬಿಗಿದಾಗ ಮೊದಲನೆಯದು ಸಡಿಲವಾಗಿರುತ್ತದೆ, ನಾಲ್ಕೈದು ಸಲ ಸರದಿ ಹಾಕಬೇಕು.

ಈಗ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಆಟ ಇರಬಾರದು. ಇದ್ದರೆ ಬೋಲ್ಟ್ ಸಡಿಲಿಸಿ, ಮುಚ್ಚಳವನ್ನು ಒಂದಿಷ್ಟು ತಿರುಗಿಸಿ, ಮತ್ತೆ ಬಿಗಿಯಿರಿ. ಚೈನ್ ಇಲ್ಲದೆ ತಿರುಗಿಸಿದಾಗ ಬುಗುರಿಯ ಹಾಗೆ ತಿರುಗುತ್ತಲೇ ಇರಲಿ ಎಂದು ಬಯಸಬೇಡಿ. ಹೊಸ ಬಿಬಿಯ ಸೀಲ್ ಬಿಗಿಯಾಗಿರುತ್ತದೆ, ಎರಡು ಸುತ್ತಿಗೆ ನಿಂತರೂ ಸರಿಯೇ. ರವೆ ಸದ್ದು ಇರಬಾರದು, ಅಷ್ಟೆ. ಬೇರೆ ಕ್ರ್ಯಾಂಕ್ ಹಾಕಿದ್ದರೆ ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ಸರಿಸುವ ಪಂಜರದ, ಅಂದರೆ ಮುಂದಿನ ಡಿರೇಲರಿನ, ಎತ್ತರ ಹೊಂದಿಸಬೇಕಾದೀತು: ಪಂಜರದ ಹೊರಪಟ್ಟಿ ದೊಡ್ಡ ರಿಂಗಿನ ಹಲ್ಲಿನಿಂದ ಒಂದರಿಂದ ಮೂರು ಮಿಲಿಮೀಟರ್ ಮೇಲಿರಲಿ.

ಚೌಕದ ಅಚ್ಚಿನ ಹಳೆ ಮಾದರಿ ಇರುವವರಿಗೆ ಒಂದೇ ಒಂದು ಎಚ್ಚರಿಕೆ. ಕ್ರ್ಯಾಂಕ್ ಎಳೆಯುವ ಪುಲ್ಲರ್ ಹಾಕುವ ಮೊದಲು ಬೋಲ್ಟಿನ ಜೊತೆ ವಾಷರ್ ಕೂಡ ಹೊರಗೆ ಬಂದಿದೆಯೇ ನೋಡಿ. ಗ್ರೀಸಿಗೆ ಅಂಟಿ ಅದು ಒಳಗೇ ಕೂತಿರುತ್ತದೆ. ಕಾಣದೆ ಪುಲ್ಲರ್ ತಿರುಗಿಸಿದರೆ ಅದು ವಾಷರನ್ನು ಒತ್ತಿ ಕ್ರ್ಯಾಂಕಿನ ಥ್ರೆಡ್ಡನ್ನೇ ಕಿತ್ತು ತರುತ್ತದೆ. ಪುಲ್ಲರನ್ನು ಅದರ ಥ್ರೆಡ್ ಮುಗಿಯುವವರೆಗೆ ಒಳಗೆ ತಿರುಗಿಸಿಯೇ ಕೆಲಸ ಶುರು ಮಾಡಿ. ಅದರ ಕ್ರ್ಯಾಂಕ್ ಬೋಲ್ಟ್ 35ರಿಂದ 50. ಸಡಿಲ ಇರುವಾಗ ಓಡಿಸಿದರೆ ಚೌಕದ ತೂತು ದುಂಡಗಾಗುತ್ತದೆ, ಅದಕ್ಕೆ ಮದ್ದಿಲ್ಲ.

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಡ ಕ್ರ್ಯಾಂಕಿನ ಎರಡು ಬೋಲ್ಟನ್ನು ಮತ್ತೊಮ್ಮೆ ಪರೀಕ್ಷಿಸಿ. ನನಗೆ ಆ ನೂರು ಕಿಲೋಮೀಟರ್ ಎಂದರೆ ಹೆಬ್ರಿ ದಾಟಿ ಆಗುಂಬೆ ಘಾಟಿಯ ಬುಡದವರೆಗೆ ಹೋಗಿ ಬರುವುದು. ವರ್ಷಕ್ಕೊಮ್ಮೆ ಕಪ್ ಬಿಚ್ಚಿ, ಥ್ರೆಡ್ ತೊಳೆದು, ಹೊಸ ಗ್ರೀಸ್ ಹಾಕುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ, ನಮ್ಮ ವರ್ಕ್‌ಶಾಪಿಗೆ ಉಸಿರಾಡಲು ಪುರುಸೊತ್ತಿಲ್ಲ. ಹಾಗಾಗಿ ನನ್ನ ಸೈಕಲ್ಲಿನ ಸರದಿ ಬರುವುದು ಮಳೆ ಬಿಟ್ಟ ಅಕ್ಟೋಬರಿನಲ್ಲಿ. ಹೋದ ಸಲ ಬಿಚ್ಚುವ ಮೊದಲು ಬಿಳಿ ಗೆರೆ ನೋಡಿದೆ. ಬಲಗಡೆ ಅಲ್ಲಾಡಿರಲಿಲ್ಲ. ಎಡಗಡೆ ಒಂದು ನೂಲಿನಷ್ಟು ಜರುಗಿತ್ತು, ಪುನಃ ಬಿಗಿದು ಹೊಸ ಗೆರೆ ಎಳೆದೆ.